ಪೈನ್ ಬ್ಯಾರೆನ್ಸ್‌ನಲ್ಲಿ ಎರಡು ರಾತ್ರಿ ಕ್ಯಾಬಿನ್: ಅಕ್ಟೋಬರ್, ಒಂಬತ್ತು ಜನ, ಏನೇನು ನೋಡ್ಕೋಬೇಕು?

ಎಡಿಸನ್‌ಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬರೋ ಅಕ್ಟೋಬರ್ ಎರಡನೇ ಅಥವಾ ಮೂರನೇ ವಾರಾಂತ್ಯ ದಕ್ಷಿಣ ನ್ಯೂಜೆರ್ಸಿಯ ಪೈನ್ ಬ್ಯಾರೆನ್ಸ್ ಕಾಡಲ್ಲಿ ಎರಡು ರಾತ್ರಿ ಕ್ಯಾಬಿನ್ ತಗೊಂಡು ಇರೋಣ ಅಂತಿದೀವಿ. ಎರಡು ಮನೆಯವರು. ದೊಡ್ಡವರು ನಾಲ್ಕು, ಮಕ್ಕಳು ಮೂರು (5, 8, 11 ವರ್ಷ), ಜೊತೆಗೆ ಮೈಸೂರಿಂದ ಬಂದಿರೋ ಅತ್ತೆ ಮಾವ. ಒಟ್ಟು ಒಂಬತ್ತು ಜನ. ಗಾಡಿ ಎರಡು: ಒಂದು ಸೆಡಾನ್, ಒಂದು ಮಿನಿವ್ಯಾನ್. ಎರಡೂ ಫ್ರಂಟ್ ವೀಲ್ ಡ್ರೈವ್. ಶುಕ್ರವಾರ ಸಂಜೆ ನಮ್ಮೂರು ಎಡಿಸನ್ ಬಿಟ್ಟು ಭಾನುವಾರ ಮಧ್ಯಾಹ್ನ ವಾಪಸ್.

ಗೊತ್ತಾಗಬೇಕಿರೋದು ಇಷ್ಟು. ಸ್ಟೇಟ್ ಫಾರೆಸ್ಟ್ ಕ್ಯಾಬಿನ್ ಸಿಗೋ ಜಾಗಗಳು ಆಟ್ಸಿಯನ್, ಬ್ರೆಂಡನ್ ಬರ್ನ್, ಬ್ಯಾಸ್ ರಿವರ್, ಈ ಮೂರರಲ್ಲಿ ನಮ್ಮಂಥ ಗುಂಪಿಗೆ ಯಾವುದು ಸರಿ? ಮರಳು ದಾರಿಯಲ್ಲಿ ನಮ್ಮ ಗಾಡಿ ಹೋಗುತ್ತಾ? ಬೆಂಕಿ ಹಾಕೋಕೆ ಬಿಡ್ತಾರಾ? ಉಣ್ಣಿ ಕಾಟ ಅಕ್ಟೋಬರ್‌ನಲ್ಲೂ ಇರುತ್ತಾ? ಅಡುಗೆ ಅಲ್ಲೇ ಮಾಡೋ ಆಸೆ ಇದೆ, ಎಷ್ಟು ಸಾಮಾನು ಒಯ್ಯಬೇಕು ಅನ್ನೋ ಅಂದಾಜು ಸಿಕ್ಕರೆ ಉಪಕಾರ.

---

ಪಿಚ್‌ಪೈನ್

ಮೊದಲು ತಲೆ ಎಣಿಕೆ. ಆಟ್ಸಿಯನ್ ಕೆರೆ ದಂಡೆಯಲ್ಲಿ ಒಂಬತ್ತು ಕ್ಯಾಬಿನ್ ಇವೆ. ಕೆಲವು ನಾಲ್ಕು ಜನಕ್ಕೆ, ಕೆಲವು ಎಂಟು ಜನಕ್ಕೆ. ಮಕ್ಕಳನ್ನೂ ಪೂರ್ತಿ ತಲೆಯಾಗೇ ಲೆಕ್ಕ ಹಾಕ್ತಾರೆ. ನೀವು ಒಂಬತ್ತು ಜನ, ಅಂದ್ರೆ ದೊಡ್ಡ ಕ್ಯಾಬಿನ್ ತಗೊಂಡರೂ ಒಬ್ಬರು ಹೆಚ್ಚಾಗ್ತೀರಿ. "ಐದು ವರ್ಷದ ಮಗು ತಾನೇ" ಅಂತ ನುಗ್ಗಿಸೋ ಯೋಚನೆ ಬೇಡ. ಒಂದು ದೊಡ್ಡದು, ಒಂದು ಚಿಕ್ಕದು ತಗೊಳ್ಳಿ. ಚಿಕ್ಕದನ್ನ ಹಿರಿಯರಿಗೂ ಅವರ ಜೊತೆ ಇರೋ ಒಂದು ಜೋಡಿಗೂ ಬಿಟ್ಟುಕೊಟ್ಟರೆ ಮಕ್ಕಳ ಗಲಾಟೆಯಿಂದ ಅವರ ನಿದ್ದೆ ಕೆಡಲ್ಲ. ಹಾಸಿಗೆ ಎಲ್ಲಾ ಬಂಕ್. ಕೆಳಗಿನ ಬಂಕ್ ಯಾರಿಗೆ ಅನ್ನೋದನ್ನ ಮನೆಯಲ್ಲೇ ತೀರ್ಮಾನ ಮಾಡಿ ಹೊರಡಿ.

ಮೂರರಲ್ಲಿ ನಿಮಗೆ ಆಟ್ಸಿಯನ್ನೇ ಸರಿ ಅಂತ ನನ್ನ ಅಭಿಪ್ರಾಯ. ಅಡುಗೆಮನೆ, ಎಲೆಕ್ಟ್ರಿಕ್ ಸ್ಟವ್, ಫ್ರಿಜ್, ನಲ್ಲಿ ನೀರು, ಒಳಗೇ ಟಾಯ್ಲೆಟ್ ಇರೋದ್ರಿಂದ ಹಿರಿಯರು ರಾತ್ರಿ ಹೊರಗೆ ನಡೀಬೇಕಿಲ್ಲ. ದಾರಿಯೂ ಸುಲಭ: ಟರ್ನ್‌ಪೈಕ್ 7ನೇ ಎಕ್ಸಿಟ್, ಅಲ್ಲಿಂದ ರೂಟ್ 206 ಹಿಡಿದು ನೇರ ದಕ್ಷಿಣಕ್ಕೆ. ರೆಡ್ ಲಯನ್ ಸರ್ಕಲ್ ದಾಟಿದ ಮೇಲೆ ಅಂಗಡಿ ಮುಂಗಟ್ಟು ತೀರಾ ಕಡಿಮೆ. ಪೆಟ್ರೋಲು, ಹಾಲು, ಮೊಸರು ಅದಕ್ಕೂ ಮೊದಲೇ ಮುಗಿಸಿ. ಆಮೇಲೆ ಏನಾದ್ರೂ ಬೇಕಾದ್ರೆ ಇನ್ನೂ ದಕ್ಷಿಣಕ್ಕೆ ಹ್ಯಾಮಂಟನ್‌ಗೆ ಹೋಗಬೇಕು.

ಬ್ರೆಂಡನ್ ಬರ್ನ್‌ನಲ್ಲಿ ಪಕಿಮ್ ಕೊಳದ ಹತ್ತಿರ ಮೂರೇ ಕ್ಯಾಬಿನ್, ಸಿಗೋದು ಕಷ್ಟ. ಗುಂಪೂ ಚಿಕ್ಕದಿರಬೇಕು. ಬ್ಯಾಸ್ ರಿವರ್ ಚೆನ್ನಾಗಿದೆ. ರಾಜ್ಯದ ಮೊದಲ ಸ್ಟೇಟ್ ಫಾರೆಸ್ಟ್ ಅದು, 1905ರದ್ದು, ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಪಕ್ಕದಲ್ಲೇ ಇದೆ. ಆದ್ರೆ ಹೆದ್ದಾರಿಯ ಸದ್ದು ಕೆಲವು ಕಡೆ ಕೇಳುತ್ತೆ. ಬುಕ್ ಮಾಡುವಾಗ "ಶೆಲ್ಟರ್", "ಲೀನ್ ಟು" ಅಂತ ಬೇರೆ ಬೇರೆ ಹೆಸರು ಕಾಣುತ್ತೆ. ಅವು ಕ್ಯಾಬಿನ್ ಅಲ್ಲ. ಶೆಲ್ಟರ್ ಅಂದ್ರೆ ನಾಲ್ಕು ಗೋಡೆ, ಒಂದು ಮಾಡು, ಬಂಕ್. ಅಡುಗೆಮನೆ, ಬಚ್ಚಲು ಇರಲ್ಲ. ಬಾಡಿಗೆ ಕಡಿಮೆ ಅಂತ ಕ್ಲಿಕ್ ಮಾಡಿಬಿಟ್ಟರೆ ಅತ್ತೆ ಮಾವನಿಗೆ ತೊಂದರೆ.

ಆನ್‌ಲೈನ್ ಬುಕಿಂಗ್ 11 ತಿಂಗಳು ಮೊದಲೇ ತೆರೆಯುತ್ತೆ. ಹಾಗಾಗಿ ಅಕ್ಟೋಬರ್ ವಾರಾಂತ್ಯಗಳನ್ನ ಹಿಂದಿನ ನವೆಂಬರ್‌ನಲ್ಲೇ ಜನ ಹಿಡಿದಿರ್ತಾರೆ. ಈಗ ಖಾಲಿ ಇಲ್ಲ ಅಂದ್ರೆ ಬಿಟ್ಟುಬಿಡಬೇಡಿ. ರದ್ದಾದವು ಹೊರಡೋಕೆ ಎರಡು ಮೂರು ವಾರ ಇರುವಾಗ ಒಂದೊಂದೇ ಬರ್ತವೆ, ದಿನಾ ಒಮ್ಮೆ ನೋಡ್ತಾ ಇರಿ. ತಾರೀಖು ಖಾಲಿ ಅಂತ ತೋರಿಸಿಯೂ ಬುಕ್ ಆಗ್ತಿಲ್ಲ ಅಂದ್ರೆ ಕನಿಷ್ಠ ಇಷ್ಟು ರಾತ್ರಿ ಅನ್ನೋ ನಿಯಮ ಅಡ್ಡ ಬಂದಿರುತ್ತೆ. ಒಂದು ರಾತ್ರಿ ಹೆಚ್ಚು ಹಾಕಿ ನೋಡಿ. ರಾಜ್ಯದ ನಿವಾಸಿಗಳಿಗೆ ದರ ಕಡಿಮೆ, ಹಾಗಾಗಿ ನ್ಯೂಜೆರ್ಸಿ ಲೈಸೆನ್ಸ್ ಇರೋರ ಹೆಸರಲ್ಲೇ ಮಾಡಿ.

ಹೊದಿಕೆ, ದಿಂಬು, ಪಾತ್ರೆ, ಸೋಪು, ಟಾಯ್ಲೆಟ್ ಪೇಪರ್ ಎಲ್ಲಾ ನೀವೇ ಒಯ್ಯಬೇಕು. ನಾಯಿ ಇದ್ದರೆ ಕ್ಯಾಬಿನ್‌ಗೆ ಬಿಡಲ್ಲ. ಮದ್ಯ ಸ್ಟೇಟ್ ಪಾರ್ಕುಗಳಲ್ಲಿ ಪೂರ್ತಿ ನಿಷೇಧ.

---

ಮರಳುಹಾದಿ

ಗಾಡಿ ವಿಷಯ. ಡಾಂಬರು ರಸ್ತೆ ಮತ್ತು ಕ್ಯಾಬಿನ್‌ನ ದಾರಿ ಬಿಟ್ಟು ಬೇರೆಲ್ಲೂ ಹೋಗಲ್ಲ ಅಂದ್ರೆ ಸೆಡಾನ್ ಸಾಕು. ಕೆಡೋದು ಶನಿವಾರ ಬೆಳಗ್ಗೆ. "ಬಾಟ್ಸ್ಟೋ (ಹಳೇ ಕಬ್ಬಿಣ ಕಾರ್ಖಾನೆಯ ಊರು) ನೋಡ್ಕೊಂಡು ಬರೋಣ" ಅಂತ ಫೋನ್‌ನಲ್ಲಿ ಹಾಕ್ತೀರಿ. ಆಟ್ಸಿಯನ್‌ನಿಂದ ಅದು ಕ್ವೇಕರ್ ಬ್ರಿಜ್ ರಸ್ತೆಯನ್ನ ಹತ್ತಿರದ ದಾರಿ ಅಂತ ತೋರಿಸಬಹುದು. ಮ್ಯಾಪ್‌ನಲ್ಲಿ ಅದಕ್ಕೂ ಬೇರೆ ರಸ್ತೆಗೂ ವ್ಯತ್ಯಾಸ ಕಾಣಲ್ಲ. ನೆಲದ ಮೇಲೆ ಅದು ಕಾಡಿನ ಮಧ್ಯೆ ಮೈಲಿಗಟ್ಟಲೆ ಬರೀ ಮರಳು. ನೀವು 206ರಲ್ಲೇ ಹ್ಯಾಮಂಟನ್‌ಗೆ ಇಳಿದು ಅಲ್ಲಿಂದ 542 ಹಿಡಿದು ಬಾಟ್ಸ್ಟೋಗೆ ಹೋಗಿ. ಸುತ್ತು, ಆದ್ರೆ ಪೂರ್ತಿ ಡಾಂಬರು.

ಇಲ್ಲಿಯವರು ಶುಗರ್ ಸ್ಯಾಂಡ್ ಅನ್ನೋದು ಸುಮ್ಮನೆ ಅಲ್ಲ. ಕೈಯಲ್ಲಿ ಹಿಡಿದು ನೋಡಿ, ಬಿಳಿ, ಸಕ್ಕರೆ ಹರಳಿನಂಥದು. ಹಿಂಡಿದರೆ ಉಂಡೆ ಕಟ್ಟಲ್ಲ, ಬೆರಳ ಸಂದಿಯಿಂದ ಹರಿದುಹೋಗುತ್ತೆ. ಜೇಡಿಯ ಅಂಟೇ ಇಲ್ಲ. ಚಕ್ರ ಒತ್ತಿದಾಗ ಗಟ್ಟಿಯಾಗೋ ಬದಲು ಪಕ್ಕಕ್ಕೆ ಸರಿಯುತ್ತೆ. ಮಳೆ ಬಂದು ಹದವಾಗಿ ಒದ್ದೆಯಾದಾಗ ದಾರಿ ಸ್ವಲ್ಪ ಗಟ್ಟಿ, ವಾರಗಟ್ಟಲೆ ಒಣಗಿದಾಗ ಅತಿ ಕಷ್ಟ. ಅಕ್ಟೋಬರ್‌ನಲ್ಲಿ ಒಣ ಹವೆಯೇ ಹೆಚ್ಚು. ದಾರಿ ಮಧ್ಯೆ ನಿಂತ ನೀರಿನ ಗುಂಡಿ ಬಂದರೆ ಅದರೊಳಗೆ ಇಳಿಸಲೇಬೇಡಿ, ಆಳ ಕಾಣಲ್ಲ, ತಳ ಕೆಸರು. ಪಕ್ಕದ ಗಿಡದ ಮೇಲೆ ಹತ್ತಿಸಿ ಸುತ್ತೋದೂ ತಪ್ಪು. ಹಾಗೆ ಸುತ್ತಿ ಸುತ್ತಿಯೇ ಅಲ್ಲಿನ ಜೌಗು ಹಾಳಾಗಿರೋದು. ತಿರುಗಿಸಿ ವಾಪಸ್ ಬನ್ನಿ.

ಹೂತರೆ ಮಾಡಬೇಕಾದ್ದು:

1. ಚಕ್ರ ಸುತ್ತಿತು, ಗಾಡಿ ಮುಂದೆ ಹೋಗಲಿಲ್ಲ ಅಂದ ತಕ್ಷಣ ಆಕ್ಸಿಲರೇಟರ್ ಬಿಡಿ. ಇನ್ನೂ ಐದು ಸೆಕೆಂಡ್ ಒತ್ತಿದರೆ ಗಾಡಿಯ ಹೊಟ್ಟೆ ಮರಳ ಮೇಲೆ ಕೂರುತ್ತೆ. ಆಮೇಲೆ ಚಕ್ರಕ್ಕೆ ಭಾರವೇ ಇರಲ್ಲ, ಏನು ಮಾಡಿದರೂ ಹಿಡಿತ ಸಿಗಲ್ಲ.
2. ಎಲ್ಲರನ್ನೂ ಇಳಿಸಿ. ಸ್ಟೀರಿಂಗ್ ನೇರ ಮಾಡಿ.
3. ಮಡಿಸೋ ಗುದ್ದಲಿಯಿಂದ ಚಕ್ರದ ಹಿಂದೆ ಇಳಿಜಾರು ತೋಡಿ, ಹೊಟ್ಟೆ ಕೆಳಗಿನ ಮರಳು ತೆಗೀರಿ.
4. ನಾಲ್ಕೂ ಟೈರಿನ ಗಾಳಿಯನ್ನ 35ರಿಂದ 20 ಪಿಎಸ್ಐಗೆ ಇಳಿಸಿ. ಟೈರ್ ಉದ್ದಕ್ಕೆ ಹರಡಿಕೊಂಡು ಭಾರ ಹಂಚಿಹೋಗುತ್ತೆ. ಬೇರೆ ಯಾವ ಉಪಾಯಕ್ಕಿಂತಲೂ ಇದೇ ಹೆಚ್ಚು ಕೆಲಸ ಮಾಡೋದು.
5. ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಸುಮ್ಮನೆ ಸುತ್ತದಂತೆ ತಡೆಯೋ ವ್ಯವಸ್ಥೆ) ಆಫ್ ಮಾಡಿ. ಆನ್ ಇದ್ದರೆ ಇಂಜಿನ್ ಶಕ್ತಿಯನ್ನೇ ಕತ್ತರಿಸುತ್ತೆ.
6. ಮುಂದಕ್ಕೆ ಅಲ್ಲ, ಬಂದ ಗಾಲಿಜಾಡಲ್ಲೇ ಹಿಂದಕ್ಕೆ, ನಿಧಾನ. ಆ ಜಾಡು ನಿಮ್ಮ ಭಾರಕ್ಕೆ ಆಗಲೇ ಒತ್ತಿರುತ್ತೆ.

ಡಾಂಬರಿಗೆ ಬಂದ ಮೇಲೆ ಗಾಳಿ ತುಂಬದೆ ವೇಗವಾಗಿ ಓಡಿಸಬೇಡಿ, ಟೈರ್ ಬಿಸಿಯಾಗಿ ಹಾಳಾಗುತ್ತೆ. 12 ವೋಲ್ಟ್‌ನ ಚಿಕ್ಕ ಕಂಪ್ರೆಸರ್, ಗಾಳಿ ಅಳೆಯೋ ಗೇಜ್, ಗುದ್ದಲಿ, ಈ ಮೂರೂ ಮಿನಿವ್ಯಾನ್‌ನಲ್ಲಿ ಇರಲಿ. ಸಾಮಾನ್ಯ ರೋಡ್‌ಸೈಡ್ ಅಸಿಸ್ಟೆನ್ಸ್‌ನವರು ಮರಳು ದಾರಿಗೆ ಬರಲ್ಲ ಅನ್ನೋದು ನೆನಪಿರಲಿ. ಫೋನ್ ಸಿಗ್ನಲ್ ಕಾಡೊಳಗೆ ಹೋಗಿ ಬಂದು ಮಾಡುತ್ತೆ. ಆಫ್‌ಲೈನ್ ಮ್ಯಾಪ್ ಮನೆಯಲ್ಲೇ ಇಳಿಸಿಕೊಳ್ಳಿ.

---

ಚಾಟ್ಸ್‌ವರ್ತ್ ಕಡೆ

@ಮರಳುಹಾದಿ ಅವರು ಹೇಳಿದ್ದಕ್ಕೆ ಒಂದು ತಿದ್ದುಪಡಿ. ಸೆಡಾನ್‌ಗೆ ತೆಳು ಪಟ್ಟಿಯ ಲೋ ಪ್ರೊಫೈಲ್ ಟೈರ್ ಇದ್ದರೆ 20ಕ್ಕೆ ಇಳಿಸಬೇಡಿ. ಟೈರಿನ ಪಕ್ಕದ ಗೋಡೆಯೇ ಚಿಕ್ಕದು, ಬಗ್ಗೋಕೆ ಜಾಗ ಇಲ್ಲ, ರಿಮ್ ನೆಲಕ್ಕೆ ತಾಗುತ್ತೆ. 25ಕ್ಕೆ ನಿಲ್ಲಿಸಿ, ಕಾಲಿಡೋ ಜಾಗದ ರಬ್ಬರ್ ಮ್ಯಾಟ್ ತೆಗೆದು ಚಕ್ರದಡಿ ತಲೆಕೆಳಗಾಗಿ ಹಾಸಿ. ಮ್ಯಾಟ್ ಜೋರಾಗಿ ಚಿಮ್ಮಬಹುದು, ಗಾಡಿಯ ಹಿಂದೆ ಮುಂದೆ ಮಕ್ಕಳು ನಿಂತಿರಬಾರದು.

---

ಎಡಿಸನ್‌ಮನೆ

ತುಂಬಾ ಥ್ಯಾಂಕ್ಸ್. ಎರಡು ಕ್ಯಾಬಿನ್ ಅನ್ನೋದು ಹೊಳೆದೇ ಇರಲಿಲ್ಲ. ಬೆಂಕಿ, ಚಳಿ ಬಗ್ಗೆ ಯಾರಾದ್ರೂ ಹೇಳ್ತೀರಾ? ಮಕ್ಕಳಿಗೆ ಕ್ಯಾಂಪ್‌ಫೈರ್ ಮಾತು ಕೊಟ್ಟಾಗಿದೆ. ಮರಳು ನೆಲ ಅಲ್ವಾ, ಬೆಂಕಿ ಹರಡಲ್ಲ, ಕೊನೆಗೆ ಮರಳೇ ಮುಚ್ಚಿದರಾಯ್ತು ಅಂತ ಅಂದ್ಕೊಂಡಿದ್ವಿ.

---

ಕೆಂಡಸಂಪಿಗೆ07

ದಯವಿಟ್ಟು ಮರಳು ಮುಚ್ಚಬೇಡಿ. ಈ ಒಂದು ತಪ್ಪು ಕಲ್ಪನೆ ಹೋಗಬೇಕು ಅಂತಲೇ ಉದ್ದ ಬರೀತಿದೀನಿ.

ಕೆಂಡದ ಮೇಲೆ ಮರಳು ಹಾಕಿದರೆ ಅದು ಆರಲ್ಲ, ಬೆಚ್ಚಗೆ ಮುಚ್ಚಿಟ್ಟ ಹಾಗಾಗುತ್ತೆ. ನಮ್ಮ ಅಜ್ಜಿಯಂದಿರು ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ ಬೆಳಗ್ಗೆ ಅದರಿಂದಲೇ ಒಲೆ ಹಚ್ಚುತ್ತಿದ್ದರಲ್ಲ, ಅದೇ ಲೆಕ್ಕ. ಮೇಲೆ ತಣ್ಣಗೆ ಕಾಣೋ ಮರಳಿನಡಿ ಗಂಟೆಗಟ್ಟಲೆ ಸುಡೋ ಬಿಸಿ ಇರುತ್ತೆ, ಬರಿಗಾಲಲ್ಲಿ ಓಡೋ ಮಗು ಕಾಲಿಟ್ಟರೆ ಚರ್ಮ ಕಿತ್ತುಬರುತ್ತೆ. ಇನ್ನೊಂದು, ಇಲ್ಲಿನ ನೆಲ ಬರೀ ಮರಳಲ್ಲ. ಮೇಲೆ ಎರಡು ಮೂರು ಇಂಚು ಪೈನ್ ಸೂಜಿಎಲೆ, ಅರೆಕೊಳೆತ ದರಗು, ಒಣಬೇರು. ಅದರೊಳಗೆ ಕೆಂಡ ಸೇರಿದರೆ ಹೊಗೆಯೂ ಕಾಣದೆ ನೆಲದಡಿಯಲ್ಲೇ ಹರಿದು ಮಾರನೇ ದಿನ ಗಾಳಿ ಬಂದಾಗ ಬೇರೆ ಕಡೆ ಏಳುತ್ತೆ. ಕೆಳಗಿನ ಮರಳಿಗೆ ನೀರು ಹಿಡಿದಿಡೋ ಶಕ್ತಿ ಇಲ್ಲದ್ದರಿಂದ ಮಳೆ ಬಂದ ಎರಡೇ ದಿನಕ್ಕೆ ಮೇಲಿನ ದರಗು ಮತ್ತೆ ಗರಿಗರಿ.

ಆರಿಸೋ ಸರಿಯಾದ ಕ್ರಮ: ಮಲಗೋಕೆ ಮುಕ್ಕಾಲು ಗಂಟೆ ಮುಂಚೆ ಸೌದೆ ಹಾಕೋದು ನಿಲ್ಲಿಸಿ. ಹತ್ತು ಲೀಟರ್‌ನ ಎರಡು ಬಕೆಟ್ ನೀರು ಬೆಂಕಿ ಹಚ್ಚೋಕೂ ಮೊದಲೇ ಪಕ್ಕದಲ್ಲಿ ಇರಲಿ. ನಿಧಾನವಾಗಿ ಸುರಿದು, ಕೋಲಿನಿಂದ ಕಲಕಿ, ಮತ್ತೆ ಸುರಿದು, ಮತ್ತೆ ಕಲಕಿ. ಚುಂಯ್ ಅನ್ನೋ ಸದ್ದು ಪೂರ್ತಿ ನಿಂತ ಮೇಲೆ ಅಂಗೈಯ ಹಿಂಭಾಗವನ್ನ ಬೂದಿಯ ಹತ್ತಿರ ಹಿಡಿದು ನೋಡಿ. ಬಿಸಿ ತಾಗಿದರೆ ಇನ್ನೂ ಆರಿಲ್ಲ.

ಈ ಪಿಚ್ ಪೈನ್ ಮರಗಳೇ ಬೆಂಕಿಗೆ ಹೊಂದಿಕೊಂಡವು. ತೊಗಟೆ ದಪ್ಪ, ಸುಟ್ಟ ಬೊಡ್ಡೆಯ ಮೈಯಿಂದಲೇ ಹಸಿರು ಚಿಗುರು ಬರುತ್ತೆ. ಕೆಲವು ಮರದ ಕಾಯಿ ರಾಳದಿಂದ ಅಂಟಿಕೊಂಡು ಬೆಂಕಿ ಬಿಸಿ ತಾಗಿದಾಗಲೇ ಬಿಚ್ಚಿಕೊಂಡು ಬೀಜ ಉದುರಿಸುತ್ತೆ. ಕಾಡಿಗೆ ಬೆಂಕಿ ಹೊಸದಲ್ಲ. ಆದ್ರೆ ಮನುಷ್ಯರು ಬಿಟ್ಟುಹೋದ ಬೆಂಕಿ ಬೇರೆ. 2022ರ ಜೂನ್‌ನಲ್ಲಿ ವಾರ್ಟನ್ ಕಾಡಲ್ಲೇ, ಅಂದ್ರೆ ನೀವು ಉಳಿಯೋ ಕಾಡಲ್ಲೇ, ಮುಲ್ಲಿಕಾ ನದಿ ಬೆಂಕಿ 13,000 ಎಕರೆಗೂ ಹೆಚ್ಚು ಸುಟ್ಟಿತು. 2025ರ ಏಪ್ರಿಲ್‌ನಲ್ಲಿ ಓಶನ್ ಕೌಂಟಿಯ ಜೋನ್ಸ್ ರೋಡ್ ಬೆಂಕಿ 15,000 ಎಕರೆ ದಾಟಿತು.

ಹಾಗಾಗಿ ಮಕ್ಕಳಿಗೆ ಕ್ಯಾಂಪ್‌ಫೈರ್ ಕೊಟ್ಟ ಮಾತಿಗೆ "ಆವತ್ತು ಅನುಮತಿ ಇದ್ದರೆ" ಅಂತ ಸೇರಿಸಿ. ಫಾರೆಸ್ಟ್ ಫೈರ್ ಸರ್ವಿಸ್ ಒಣ ಹವೆಯನ್ನ ನೋಡಿ ಹಂತ ಹಂತವಾಗಿ ನಿರ್ಬಂಧ ಹಾಕುತ್ತೆ. ಮೊದಲ ಹಂತದಲ್ಲಿ ಅವರೇ ಕಟ್ಟಿಸಿರೋ ಬೆಂಕಿಗೂಡಲ್ಲಿ ಸೌದೆ ಉರಿಸಬಹುದು. ಮೂರನೇ ಹಂತಕ್ಕೆ ಹೋದರೆ ಸೌದೆಯೂ ಇಲ್ಲ, ಇದ್ದಿಲೂ ಇಲ್ಲ. ನೆಲದಿಂದ ಎತ್ತರದಲ್ಲಿರೋ ಗ್ಯಾಸ್ ಅಥವಾ ಕರೆಂಟಿನ ಸ್ಟವ್ ಮಾತ್ರ. 2024ರ ಅಕ್ಟೋಬರ್ ನೆನಪಿದೆಯಲ್ಲ, ರಾಜ್ಯದ ದಾಖಲೆಯಲ್ಲೇ ಅತಿ ಒಣ ತಿಂಗಳು, ಇಡೀ ರಾಜ್ಯದಲ್ಲಿ ಕ್ಯಾಂಪ್‌ಫೈರ್ ಬಂದ್ ಆಗಿತ್ತು. ಹೊರಡೋ ದಿನ ಬೆಳಗ್ಗೆ ಹಂತ ನೋಡಿಕೊಳ್ಳಿ, ಅಲ್ಲಿ ಆಫೀಸಲ್ಲಿ ಇನ್ನೊಮ್ಮೆ ಕೇಳಿ. ಪ್ರೊಪೇನ್ ಸ್ಟವ್ ಒಂದು ಜೊತೆಗಿದ್ದರೆ ಜೋಳ ಸುಡೋಕೆ, ಕಾಫಿಗೆ ತೊಂದರೆ ಇಲ್ಲ.

ಸೌದೆ ಮನೆಯಿಂದ ಒಯ್ಯಬೇಡಿ. ಲ್ಯಾಂಟರ್ನ್ ಫ್ಲೈ ಮೊಟ್ಟೆ, ಮರ ಕೊರೆಯೋ ಹುಳ ಅದರ ಜೊತೆ ಕಾಡಿಗೆ ಸೇರುತ್ತೆ. 206ರ ದಾರಿಯಲ್ಲೇ ಕಟ್ಟು ಸಿಗುತ್ತೆ. ಒಂದು ಕಟ್ಟಲ್ಲಿ ಐದಾರು ಸೀಳು, ಒಂದು ಗಂಟೆಗೆ ಸ್ವಲ್ಪ ಹೆಚ್ಚು ಉರಿಯುತ್ತೆ. ಸಂಜೆ ಮೂರು ಗಂಟೆ ಕೂರೋದಾದ್ರೆ ಮೂರು ಕಟ್ಟು. ಓಕ್ ಕೇಳಿ ತಗೊಳ್ಳಿ. ಪೈನ್ ಸೌದೆಯ ರಾಳ ಚಟಪಟ ಸಿಡಿಯುತ್ತೆ, ಪಾತ್ರೆಗೆ ಅಂಟುಮಸಿ ಹಿಡಿಸುತ್ತೆ. ಕ್ಯಾಬಿನ್ ಒಳಗಿನ ಒಲೆಯಲ್ಲಿ ಅದನ್ನ ಉರಿಸಿದರೆ ಹೊಗೆಕೊಳವೆಗೆ ರಾಳ ಕಟ್ಟುತ್ತೆ. ಒಳಗಿನ ಒಲೆ ಹಚ್ಚೋ ಮುಂಚೆ ಡ್ಯಾಂಪರ್ (ಹೊಗೆಕೊಳವೆಯ ಮುಚ್ಚಳ) ತೆರೆದಿದೆಯಾ ನೋಡಿ. ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಎರಡು, ಕ್ಯಾಬಿನ್‌ಗೆ ಒಂದರಂತೆ ಒಯ್ಯಿರಿ. ಚಳಿ ಅಂತ ಇದ್ದಿಲ ಗ್ರಿಲ್ ಒಳಗೆ ತಂದಿಡೋದು ಪ್ರಾಣಕ್ಕೇ ಅಪಾಯ.

ಚಳಿ: ಮರಳು ಹಗಲು ಬೇಗ ಕಾಯುತ್ತೆ, ಸಂಜೆ ಅಷ್ಟೇ ಬೇಗ ಬಿಸಿ ಬಿಟ್ಟುಕೊಡುತ್ತೆ. ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿ ಫಿಲಡೆಲ್ಫಿಯಾದಲ್ಲಿ 50 ಡಿಗ್ರಿ ಫ್ಯಾರನ್‌ಹೀಟ್ ಅಂದ್ರೆ ಇಲ್ಲಿ 40ಕ್ಕೂ ಇಳಿಯಬಹುದು. ಫೋನಿನ ಹವಾಮಾನ ನೋಡುವಾಗ ಕನಿಷ್ಠ ತಾಪದಲ್ಲಿ ಹತ್ತು ಕಳೆದು ಪ್ಯಾಕ್ ಮಾಡಿ. ಹಿರಿಯರಿಗೆ ಮಂಕಿ ಕ್ಯಾಪ್, ಉಣ್ಣೆ ಕಾಲುಚೀಲ, ತಲಾ ಎರಡು ಹೊದಿಕೆ.

---

ಕಾಡಂಚು

ಉಣ್ಣಿ: ಅಕ್ಟೋಬರ್‌ನಲ್ಲೂ ಇರುತ್ತೆ. ಲೈಮ್ ಕಾಯಿಲೆ ತರೋ ಜಿಂಕೆ ಉಣ್ಣಿಯ ದೊಡ್ಡವು ಚುರುಕಾಗೋದೇ ಅಕ್ಟೋಬರ್, ನವೆಂಬರ್. ಮೇ, ಜೂನ್‌ನ ಮರಿಗಳು ಗಸಗಸೆ ಕಾಳಿನಷ್ಟು, ಕಣ್ಣಿಗೇ ಬೀಳಲ್ಲ. ಈಗಿನವು ಎಳ್ಳಿನಷ್ಟಿರೋದ್ರಿಂದ ಹುಡುಕಿದರೆ ಸಿಗುತ್ತವೆ.

ಬಟ್ಟೆಗೆ 0.5% ಪರ್ಮೆಥ್ರಿನ್ ಅನ್ನೋ ಕೀಟನಾಶಕ ಸ್ಪ್ರೇ ಹೊರಡೋ ಹಿಂದಿನ ದಿನ ಹೊರಗೆ ಹರಡಿ ಹೊಡೆದು ಪೂರ್ತಿ ಒಣಗಿಸಿ. ಶೂ, ಕಾಲುಚೀಲ, ಪ್ಯಾಂಟಿನ ಮೊಣಕಾಲಿಂದ ಕೆಳಗೆ ಮುಖ್ಯ. ಆರು ಒಗೆತದವರೆಗೆ ಕೆಲಸ ಮಾಡುತ್ತೆ. ಮೈಗೆ ಹಚ್ಚೋದಲ್ಲ ಇದು. ಮನೆಯಲ್ಲಿ ಬೆಕ್ಕಿದ್ದರೆ ಒದ್ದೆ ಇರುವಾಗ ಹತ್ತಿರ ಬಿಡಬೇಡಿ, ಅದಕ್ಕೆ ವಿಷ. ಮೈಗೆ ಬೇರೆ, ಡೀಟ್ ಅನ್ನೋ ಕೀಟ ನಿವಾರಕ 20ರಿಂದ 30% ಇರೋದು.

ಅತ್ತೆಯವರು ಸೀರೆ ಉಡೋರಾದ್ರೆ ಕಾಡಲ್ಲಿ ನಡೆಯೋ ಹೊತ್ತಿಗೆ ಮಾತ್ರ ಚೂಡಿದಾರ್ ಅಥವಾ ಟ್ರ್ಯಾಕ್ ಪ್ಯಾಂಟ್ ಹಾಕಿಸಿ, ಕಾಲುಚೀಲದೊಳಗೆ ಪ್ಯಾಂಟ್ ತೂರಿಸಿ. ಸೀರೆಯ ಅಂಚು, ಪಂಚೆಯ ತುದಿ ಹುಲ್ಲನ್ನ ಸವರಿಕೊಂಡೇ ಹೋಗೋದು. ಉಣ್ಣಿ ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ಕೂತಿರುತ್ತೆ, ಅಂಚು ತಾಗಿದರೆ ಹತ್ತುತ್ತೆ, ಮಡಿಕೆಯೊಳಗೆ ಸೇರಿದರೆ ಗೊತ್ತೇ ಆಗಲ್ಲ. ಬಿದ್ದ ಮರದ ಮೇಲೆ, ಎಲೆರಾಶಿಯಲ್ಲಿ ಕೂರಿಸಬೇಡಿ. ಮಡಿಸೋ ಕುರ್ಚಿ ಎರಡು ಇರಲಿ.

ಸಂಜೆ ತಪಾಸಣೆ ಪ್ರತಿಯೊಬ್ಬರಿಗೂ: ಕಿವಿಯ ಹಿಂದೆ, ಕೂದಲ ಬುಡ, ಕಂಕುಳು, ಹೊಕ್ಕಳು, ಸೊಂಟದ ಎಲಾಸ್ಟಿಕ್ ಜಾಗ, ಮೊಣಕಾಲ ಹಿಂದೆ. ಕಚ್ಚಿದ್ದು ಸಿಕ್ಕರೆ ಮೊನಚು ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ತಿರುಚದೆ ನೇರ ಮೇಲೆ ಎಳೀರಿ. ಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ. ಲೈಮ್ ಅಂಟೋಕೆ ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ಕಚ್ಚಿರಬೇಕು. ದಿನಾ ಸಂಜೆ ನೋಡಿ ಅನ್ನೋದು ಅದಕ್ಕೇ. ದಿನಾಂಕ ಬರೆದಿಡಿ. ಆಮೇಲೆ ಕೆಲವು ವಾರದೊಳಗೆ ಕೆಂಪು ಮಚ್ಚೆ ಹರಡ್ತಿದ್ದರೆ ಅಥವಾ ಜ್ವರ ಬಂದರೆ ಡಾಕ್ಟರ್ ಹತ್ತಿರ ಹೋಗಿ. ಅಷ್ಟರಲ್ಲಿ ಹಿರಿಯರು ಮೈಸೂರಿಗೆ ವಾಪಸ್ ಹೋಗಿದ್ದರೆ ಅಲ್ಲಿನ ಡಾಕ್ಟರಿಗೆ "ಅಮೆರಿಕದಲ್ಲಿ ಉಣ್ಣಿ ಕಚ್ಚಿತ್ತು" ಅಂತ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ರೆ ಅವರಿಗೆ ಲೈಮ್ ಹೊಳೆಯೋ ಸಾಧ್ಯತೆ ಕಡಿಮೆ.

ಮನೆಗೆ ಬಂದ ಮೇಲೆ ಒಗೆಯೋಕೂ ಮುಂಚೆ ಬಟ್ಟೆಯನ್ನ ಡ್ರೈಯರ್‌ನಲ್ಲಿ ಹೈ ಹೀಟ್‌ಗೆ ಹತ್ತು ನಿಮಿಷ ತಿರುಗಿಸಿ. ತಣ್ಣೀರಲ್ಲಿ ಒಗೆದರೆ ಉಣ್ಣಿ ಸಾಯಲ್ಲ, ಒಣ ಬಿಸಿಗೆ ಸಾಯುತ್ತೆ.

ಅಕ್ಟೋಬರ್‌ನಲ್ಲಿ ಬಿಲ್ಲಿನ ಜಿಂಕೆ ಬೇಟೆ ನಡೆಯುತ್ತೆ, ಈ ಕಾಡಿನ ಬಹುಭಾಗದಲ್ಲಿ ಅದಕ್ಕೆ ಅನುಮತಿ ಇದೆ. ಒಂಬತ್ತೂ ಜನಕ್ಕೆ ಹೊಳೆಯೋ ಕಿತ್ತಳೆ ಬಣ್ಣದ ವೆಸ್ಟ್ ತಗೊಳ್ಳಿ. ಕಂದು, ಬಿಳಿ ಸ್ವೆಟರ್ ಬೇಡ.

---

ಹುಬ್ಬಳ್ಳಿ ಅಡಿಗಿ

ನಮಸ್ಕಾರ್ರೀ. ಅಡಿಗಿ ವಿಷಯ ನಾ ಹೇಳ್ತೀನಿ. ಮೊದಲ ಮಾತು: ಕ್ಯಾಬಿನ್ ಒಳಗ ಮೆಣಸಿನಕಾಯಿ ಒಗ್ಗರಣಿ ಹಾಕಬ್ಯಾಡ್ರಿ. ಚಿಕ್ಕ ಖೋಲಿ, ಸ್ಮೋಕ್ ಅಲಾರಂ ತಲಿ ಮ್ಯಾಲೇ ಇರ್ತದ. ಒಗ್ಗರಣಿ ಮನಿಯೊಳಗ ಮಾಡಿ ಬಾಟ್ಲಿಗೆ ತುಂಬ್ಕೊಂಡು ಒಯ್ರಿ, ಇಲ್ಲಾ ಹೊರಗ ಪ್ರೊಪೇನ್ ಸ್ಟವ್ ಮ್ಯಾಲೆ ಹಾಕ್ರಿ.

ಎರಡನೇದು ಕರೆಂಟ್. ಇಲ್ಲಿ 120 ವೋಲ್ಟ್, 15 ಆಂಪ್ ಲೈನ್ ಅಂದ್ರ 1800 ವ್ಯಾಟ್ ತುದಿ. ನೀರು ಕಾಸೋ ಕೆಟಲ್ 1500, ರೈಸ್ ಕುಕ್ಕರ್ 700. ಎರಡೂ ಒಂದೇ ಲೈನಿಗೆ ಹಚ್ಚಿದ್ರ ಬ್ರೇಕರ್ ಬೀಳ್ತದ. ಒಂದಾದ ಮ್ಯಾಲೆ ಒಂದು ಹಚ್ಚ್ರಿ.

ಶುಕ್ರವಾರ ರಾತ್ರಿ ಮುಟ್ಟೂದ್ರಾಗ ಕತ್ತಲ ಆಗಿರ್ತದ, ಅವತ್ತು ಒಲಿ ಹಚ್ಚೂದೇ ಬ್ಯಾಡ. ಖಡಕ್ ರೊಟ್ಟಿ ಒಯ್ರಿ. ಫ್ರಿಜ್ ಬೇಕಿಲ್ಲ, ಕೆಡೂದಿಲ್ಲ. ದೊಡ್ಡವರಿಗೆ ಮೂರು, ಮಕ್ಕಳಿಗೆ ಒಂದು ಅಂತ ಹಿಡದ್ರ 21, ದಾರ್ಯಾಗ ಮುರಿಯೂವು ಸೇರಿ 25 ಇಟ್ಕೊಳ್ರಿ. ದುಂಡನ ಸ್ಟೀಲ್ ಡಬ್ಬಿ ಒಳಗ ನಿಲ್ಲಿಸಿ ಇಡಬ್ಯಾಡ್ರಿ, ಮಲಗಿಸಿ, ಮ್ಯಾಲೆ ಕೆಳಗ ಅರಿವಿ ಹಾಕ್ರಿ. ಶೇಂಗಾ ಹಿಂಡಿ 250 ಗ್ರಾಂ, ಗಟ್ಟಿ ಮೊಸರು ಒಂದು ಕಿಲೋ, ಉಳ್ಳಾಗಡ್ಡಿ, ಸೌತಿಕಾಯಿ. ಮಕ್ಕಳು ರೊಟ್ಟಿ ತಿನ್ನಂಗಿಲ್ಲ ಅಂದ್ರ ಚಪಾತಿ.

ಶನಿವಾರ ಮುಂಜಾನಿ ಉಪ್ಪಿಟ್ಟು: ಮನಿಯೊಳಗೇ ಹುರಿದ ರವಾ 600 ಗ್ರಾಂ. ಮಧ್ಯಾಹ್ನ ತಿರಗಾಡಾಕ ಹೋದಲ್ಲೆ ಪುಳಿಯೋಗರೆ, ಅಕ್ಕಿ 800 ಗ್ರಾಂ, ಗೊಜ್ಜು ದಪ್ಪ ಮಾಡಿ ಒಯ್ರಿ. ಅಕ್ಕಿ ಲೆಕ್ಕ ಸುಲಭ: ದೊಡ್ಡವರಿಗೆ ಒಂದು ಊಟಕ್ಕ 100 ಗ್ರಾಂ, ಮಕ್ಕಳಿಗೆ 60. ರಾತ್ರಿಗೆ ಬಿಸಿಬೇಳೆ ಬಾತ್, ಅಕ್ಕಿ 500, ತೊಗರಿ ಬ್ಯಾಳಿ 250. ರವಿವಾರ ಮುಂಜಾನಿ ಹಚ್ಚಿದ ಅವಲಕ್ಕಿ 500 ಗ್ರಾಂ, ಪಾತ್ರಿ ತೊಳಿಯೂ ಕೆಲಸ ಕಡಿಮಿ.

ಇಡ್ಲಿ ಹಿಟ್ಟು ಒಯ್ಯೂ ವಿಚಾರ ಇದ್ರ ಹುಳಿ ಬಂದ ಮ್ಯಾಲೆ ಒಂದು ರಾತ್ರಿ ಫ್ರಿಜ್‌ನ್ಯಾಗ ಪೂರ್ತಿ ತಣ್ಣಗ ಮಾಡಿ, ಡಬ್ಬಿ ಅರ್ಧ ಅಷ್ಟೇ ತುಂಬಿ ಐಸ್ ಪೆಟ್ಟಿಗಿ ತಳಕ್ಕ ಇಡ್ರಿ. ಬೆಚ್ಚಗಿನ ಹಿಟ್ಟು ಗಾಡ್ಯಾಗ ಉಬ್ಬಿ ಹೊರಗ ಬರ್ತದ.

ಕೆಂಡ ಹಚ್ಚಾಕ ಬಿಟ್ರ ದಪ್ಪ ಬದ್ನಿಕಾಯಿ ನಾಕು ಒಯ್ರಿ. ಉರಿ ಇಳಿದು ಕೆಂಡದ ಮ್ಯಾಲೆ ಬಿಳಿ ಬೂದಿ ಬಂದಾಗ ಇಡ್ರಿ, ಇಪ್ಪತ್ತು ನಿಮಿಷ, ನಾಕ್ ಸಲ ಹೊರಳಿಸ್ರಿ. ತೊಟ್ಟಿನ ಹತ್ರ ಕಡ್ಡಿ ಸಲೀಸಾಗಿ ಇಳಿದ್ರ ಆತು. ಊಟ ಆದ ಮ್ಯಾಲೆ ಸಿಪ್ಪಿ, ಉಳಿದ ಅನ್ನ ಹೊರಗ ಬಿಡಬ್ಯಾಡ್ರಿ. ರಕೂನ್ ಐಸ್ ಪೆಟ್ಟಿಗಿ ಮುಚ್ಚಳಾನೂ ತಗೀತಾವ. ಎಲ್ಲಾ ಗಾಡಿ ಒಳಗ.

---

ಎಡಿಸನ್‌ಮನೆ

ಇಷ್ಟು ವಿವರ ಸಿಗುತ್ತೆ ಅಂತ ಅಂದ್ಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಕೊನೆಯದಾಗಿ, ಶನಿವಾರ ಏನು ನೋಡೋದು? ಮಕ್ಕಳು ಕನೂ (ಹುಟ್ಟು ಹಾಕೋ ಸಣ್ಣ ದೋಣಿ) ಅಂತಿದಾರೆ. ಕೆರೆ ನೀರು ಕಂದು ಬಣ್ಣ ಅಂತ ಕೇಳಿದೆ, ಕೊಳಕಾ?

---

ಚಾಟ್ಸ್‌ವರ್ತ್ ಕಡೆ

ಕೊಳಕಲ್ಲ. ಬಿಳಿ ಸೀಡರ್ ಮರದ ಎಲೆ, ತೊಗಟೆಯ ಟ್ಯಾನಿನ್ ಮತ್ತು ನೆಲದೊಳಗಿನ ಕಬ್ಬಿಣ ಸೇರಿದ ಬಣ್ಣ. ಅಂಗೈಯಲ್ಲಿ ಹಿಡಿದರೆ ಬಣ್ಣವೇ ಕಾಣಲ್ಲ, ಸ್ಟೀಲ್ ಲೋಟ ತುಂಬಿ ನೋಡಿದರೆ ಹಾಲು ಹಾಕದ ತಿಳಿ ಚಹಾ, ಮೊಣಕಾಲುದ್ದ ನಿಂತರೆ ಪಾದ ತಾಮ್ರದ ಬಣ್ಣಕ್ಕೆ ತಿರುಗಿರುತ್ತೆ. ಈ ಮರಳಿನಡಿ 17 ಲಕ್ಷ ಕೋಟಿ ಗ್ಯಾಲನ್ ಅಂತರ್ಜಲ ಇದೆ ಅಂತ ಅಂದಾಜು. ಈ ಕಾಡಿಗೆ ಹೆಸರು ಕೊಟ್ಟ ಉದ್ಯಮಿ ಜೋಸೆಫ್ ವಾರ್ಟನ್ ಈ ಭೂಮಿ ಕೊಂಡದ್ದೇ ಆ ನೀರನ್ನ ಫಿಲಡೆಲ್ಫಿಯಾಗೆ ಮಾರೋ ಉದ್ದೇಶದಿಂದ. ಆದ್ರೆ ಕೆರೆ, ಹೊಳೆಯ ನೀರು ಹಾಗೇ ಕುಡಿಯೋದಲ್ಲ, ನಲ್ಲಿಯದೇ ಕುಡೀರಿ. ಬಿಳಿ ಬಟ್ಟೆ ನೆನೆಸಿದರೆ ಕಲೆ ಹೋಗಲ್ಲ. ಆಟ್ಸಿಯನ್ ಕೆರೆಯಲ್ಲಿ ಈಜೋಕೆ ಬಿಡೋದು ಬೇಸಿಗೆಯಲ್ಲಿ, ಲೈಫ್‌ಗಾರ್ಡ್ ಇರುವಾಗ ಮಾತ್ರ.

ಕನೂ: ಆಟ್ಸಿಯನ್‌ನಿಂದ ಮುಲ್ಲಿಕಾ ಹೊಳೆಯಲ್ಲಿ ಪ್ಲೆಸೆಂಟ್ ಮಿಲ್ಸ್‌ವರೆಗಿನ ದಾರಿ ಇಡೀ ದಿನದ್ದು. ಬಿದ್ದ ಮರಗಳನ್ನ ದಾಟಿಸಬೇಕು. ಈ ಗುಂಪಿಗೆ ಬೇಡ. ಅಕ್ಟೋಬರ್‌ನಲ್ಲಿ ಕತ್ತಲೂ ಬೇಗ. ವೇಡಿಂಗ್ ರಿವರ್‌ನಲ್ಲಿ ಎರಡು ಮೂರು ಗಂಟೆಯ ತುಂಡು ದಾರಿ ಕೇಳಿ ತಗೊಳ್ಳಿ. 12 ವರ್ಷದವರೆಗಿನ ಮಕ್ಕಳು ಲೈಫ್ ಜಾಕೆಟ್ ಹಾಕಿಯೇ ಇರಬೇಕು ಅನ್ನೋದು ಕಾನೂನು. ನೀರು ತಣ್ಣಗಿರೋದ್ರಿಂದ ದೊಡ್ಡವರೂ ಹಾಕ್ಕೊಳ್ಳಿ. ತಿರುವಿನಲ್ಲಿ ಕೊಂಬೆ ಅಡ್ಡ ಬಂದಾಗ ಅದನ್ನ ಕೈಯಲ್ಲಿ ಹಿಡ್ಕೋಬಾರದು. ದೋಣಿ ಮುಂದೆ ಹೋಗುತ್ತೆ, ಹಿಡಿದವರು ಹಿಂದೆ ಉಳೀತಾರೆ, ಅಲ್ಲೇ ಮಗುಚೋದು. ತಲೆ ಬಗ್ಗಿಸಿ ಕೊಂಬೆಯ ಕಡೆಗೇ ವಾಲಿ. ಬದಲಿ ಬಟ್ಟೆ ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ದೋಣಿಯೊಳಗೇ ಇರಲಿ.

ಹಿರಿಯರನ್ನ ಆ ಹೊತ್ತಿಗೆ ಬಾಟ್ಸ್ಟೋ ಊರಿಗೆ ಕರ್ಕೊಂಡು ಹೋಗಿ. 1766ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಯ ಊರು. ಜೌಗಿನ ನೀರಲ್ಲಿ ಗಟ್ಟಿಯಾಗೋ ಅದಿರನ್ನ ತೆಗೆದು ಕರಗಿಸ್ತಿದ್ರು, ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಫಿರಂಗಿ ಗುಂಡೂ ಇಲ್ಲಿಂದ ಹೋಗಿವೆ. ಸಮತಟ್ಟು ದಾರಿ, ಕೂರೋಕೆ ಜಾಗ ಇದೆ.

ಭಾನುವಾರ ವಾಪಸ್ ಬರುವಾಗ ವೈಟ್ಸ್‌ಬಾಗ್ ತಪ್ಪಿಸ್ಕೋಬೇಡಿ, ಬ್ರೆಂಡನ್ ಬರ್ನ್ ಕಾಡಿನೊಳಗೇ ಇದೆ. ಬರೀ ಕಾಡಿನ ಗಿಡವಾಗಿದ್ದ ಬ್ಲೂಬೆರಿಯನ್ನ ಕೃಷಿಕ ಮನೆತನದ ಎಲಿಜಬೆತ್ ವೈಟ್ ಮತ್ತು ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ ಬೆಳೆಯಾಗಿ ಪಳಗಿಸಿದ್ದು ಅಲ್ಲಿ. ಮೊದಲ ಫಸಲು ಮಾರುಕಟ್ಟೆಗೆ ಹೋಗಿದ್ದು 1916ರಲ್ಲಿ. ಅಕ್ಟೋಬರ್ ಕ್ರ್ಯಾನ್‌ಬೆರಿ ಕೊಯ್ಲಿನ ತಿಂಗಳು. ಚಾಟ್ಸ್‌ವರ್ತ್ ಸುತ್ತಿನ 563 ರಸ್ತೆಯಲ್ಲಿ ಬಂದರೆ ಗದ್ದೆಗೆ ನೀರು ಕಟ್ಟಿ, ತೇಲೋ ಕೆಂಪು ಹಣ್ಣನ್ನ ಒಂದು ಮೂಲೆಗೆ ದೂಡ್ತಿರೋದು ಕಾಣಬಹುದು. ಖಾಸಗಿ ಜಮೀನು, ಬದುವಿಗೆ ಇಳಿಯದೆ ರಸ್ತೆ ಬದಿಯಿಂದಲೇ ನೋಡಿ. ಗಾಡಿಯನ್ನ ಪೂರ್ತಿ ಮರಳಿನ ಅಂಚಿಗೆ ಇಳಿಸಬೇಡಿ, ಎರಡು ಚಕ್ರ ಡಾಂಬರ ಮೇಲೇ ಇರುವಂಥ ಅಗಲ ಜಾಗ ಸಿಕ್ಕಲ್ಲಿ ಮಾತ್ರ ನಿಲ್ಲಿಸಿ.